ಜಯಂತಿಯ ಈಜುಡುಗೆ ಮತ್ತು ಚಿಕ್ಕಮ್ಮನ ಟ್ರಂಕು

ಕಾವೇರಿತೀರ:
ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಬರೆಯುವುದಕ್ಕಿಂತ ಓದುವುದೇ ಜಾಸ್ತಿ. ಇವತ್ತು ಒಂದು ವಿಷಯ ಕೇಳಲೇಬೇಕು ಅನ್ನಿಸಿತು.

ಹೋದ ವಾರ ಶ್ರೀರಂಗಪಟ್ಟಣದ ಹತ್ತಿರದ ನಮ್ಮ ಹಳೆ ಮನೆ ಖಾಲಿ ಮಾಡಿಸಿದೆವು. ಅಟ್ಟದ ಮೇಲೆ ಚಿಕ್ಕಮ್ಮನ ತಗಡಿನ ಟ್ರಂಕು ಸಿಕ್ಕಿತು, ಅವರ ಮದುವೆಗೆ ಮುಂಚಿನದು. ಒಳಗೆ ನುಸಿಗುಳಿಗೆ ವಾಸನೆ, ಎರಡು ಲಂಗ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಕ್ರೋಶಾ ಹಾಕಿ ಅರ್ಧಕ್ಕೆ ಬಿಟ್ಟ ಮೇಜಿನ ಹಾಸು. ತಳಕ್ಕೆ ಹಾಸಿದ್ದ ಪೇಪರ್ ಎತ್ತಿದರೆ, ಯಾವುದೋ ವಾರಪತ್ರಿಕೆಯಿಂದ ಕತ್ತರಿಸಿದ ಒಂದು ಚಿತ್ರ. ಮೊದಲು ಕಂಡಿದ್ದು ನಟಿ ಜಯಂತಿ ಅವರ ಮುಖ ಮಾತ್ರ. ಕುತ್ತಿಗೆಯಿಂದ ಕೆಳಗಿನ ಭಾಗವನ್ನು ಹಿಂದಕ್ಕೆ ಮಡಿಚಿ ಇಟ್ಟಿದ್ದರು. ಬಿಡಿಸಿದರೆ ಈಜುಡುಗೆ! 'ಮಿಸ್ ಲೀಲಾವತಿ' ಸಿನಿಮಾ ಕಾಲದ್ದು. ಆ ಮಡಿಕೆಯನ್ನು ಎಷ್ಟು ಸಲ ಬಿಚ್ಚಿ ಎಷ್ಟು ಸಲ ಮಡಿಚಿದ್ದರೋ ಗೊತ್ತಿಲ್ಲ, ಅಲ್ಲಿ ಕಾಗದ ಹಳೆ ಬಟ್ಟೆಯ ಹಾಗೆ ಮೆತ್ತಗಾಗಿತ್ತು.

ಆಗ ಚಿಕ್ಕಮ್ಮನಿಗೆ ಹದಿನಾರು ವರ್ಷ. ನಮ್ಮ ತಾತ ಸಂಜೆ ಆರರ ಮೇಲೆ ಹೆಣ್ಣುಮಕ್ಕಳು ಜಗಲಿಗೆ ಬಂದರೂ ಗದರುತ್ತಿದ್ದ ಮನುಷ್ಯ. ಅಂಥ ಮನೆಯಲ್ಲಿ ಈ ಹುಡುಗಿ ಇದನ್ನು ಯಾಕೆ ಕತ್ತರಿಸಿ ಬಚ್ಚಿಟ್ಟುಕೊಂಡಳು?

ಜಯಂತಿ ತೀರಿಕೊಂಡಾಗ (2021ರ ಜುಲೈ 26) ಎಲ್ಲಾ ಪೇಪರಿನಲ್ಲೂ ಒಂದೇ ಸಾಲು. ಕನ್ನಡದಲ್ಲಿ ಈಜುಡುಗೆ ತೊಟ್ಟ ಮೊದಲ ನಾಯಕಿ. ಆ ಸಾಲನ್ನು ನಾವೆಲ್ಲ ಓದಿ ಮುಂದೆ ಹೋದೆವು. ಆದರೆ ಆ ಚಿತ್ರ ನೋಡಿದ ಹೆಣ್ಣುಮಕ್ಕಳಿಗೆ ಏನನ್ನಿಸಿತು ಅಂತ ಯಾರೂ ಬರೆದದ್ದನ್ನು ನಾನು ಓದಿಲ್ಲ. ನಿಮ್ಮ ಮನೆಗಳಲ್ಲಿ ಏನಾದರೂ ಕೇಳಿದ್ದೀರಾ?

ಸುಮ್ನೆಓದುಗ:
ಮಿಸ್ ಲೀಲಾವತಿಯಲ್ಲಿ ಲೀಲಾವತಿ ಅಮ್ಮ ತಾನೇ ಇದ್ದಿದ್ದು? ವಿನೋದ್ ರಾಜ್ ಅವರ ತಾಯಿ?

ಟೆಂಟ್‌ಸಿನಿಮಾ:
ಸುಮ್ನೆಓದುಗ ಅವರೇ, ಈ ಪ್ರಶ್ನೆ ನಾನು ಕೇಳುತ್ತಿರುವುದು ಇದು ನೂರನೇ ಸಲ ಇರಬೇಕು. ಅಲ್ಲ. ಸಿನಿಮಾ ಹೆಸರು 'ಮಿಸ್ ಲೀಲಾವತಿ', ನಾಯಕಿ ಜಯಂತಿ. 1965, ನಿರ್ದೇಶನ ಎಂ.ಆರ್. ವಿಠ್ಠಲ್. ಕುವೆಂಪು ಅವರ 'ದೋಣಿ ಸಾಗಲಿ' ಸಿನಿಮಾಕ್ಕೆ ಬಂದದ್ದು ಇದರಲ್ಲೇ. ಈಜುಡುಗೆ ಅಂತ ಮೂಗು ಮುರಿದ ಸಿನಿಮಾದಲ್ಲೇ ರಾಷ್ಟ್ರಕವಿಯ ಪದ್ಯವೂ ಇತ್ತು ಅನ್ನುವುದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಇನ್ನೊಂದು ತಮಾಷೆ ಹೇಳುತ್ತೇನೆ. ಆ ವರ್ಷದ ರಾಷ್ಟ್ರಪ್ರಶಸ್ತಿಯಲ್ಲಿ ಕನ್ನಡದ ಮೊದಲ ಸ್ಥಾನ 'ಸತ್ಯ ಹರಿಶ್ಚಂದ್ರ'ಕ್ಕೆ. ಪಂಡರೀಬಾಯಿ ಚಂದ್ರಮತಿ. ಗಂಡನ ಮಾತು ಉಳಿಸಲು ತನ್ನನ್ನೇ ಮಾರಿಸಿಕೊಂಡ ಹೆಂಗಸು. ಎರಡನೇ ಸ್ಥಾನ 'ಮಿಸ್ ಲೀಲಾವತಿ'ಗೆ. ಮದುವೆ ಅಂದರೆ ಮಾರುದೂರ ನಿಲ್ಲುವ ಹುಡುಗಿಯ ಕಥೆ. ಮೂರನೆಯದು ಯಾವುದು ಗೊತ್ತಾ? 'ಮದುವೆ ಮಾಡಿ ನೋಡು'. ತೀರ್ಪುಗಾರರು ಬೇಕು ಅಂತಲೇ ಹೀಗೆ ಜೋಡಿಸಿರಲಾರರು, ಆದರೂ ನನಗೆ ನೆನೆದಾಗಲೆಲ್ಲ ನಗು ಬರುತ್ತದೆ.

ನಾನು ಆ ಸಿನಿಮಾವನ್ನು ತಿಪಟೂರು ಕಡೆಯ ಟೆಂಟಿನಲ್ಲಿ ನೋಡಿದ್ದು, ಬಿಡುಗಡೆಯಾಗಿ ಬಹಳ ಕಾಲದ ಮೇಲೆ. ಗಂಡಸರ ನೆಲ ಒಂದು ಕಡೆ, ಹೆಂಗಸರ ನೆಲ ಇನ್ನೊಂದು ಕಡೆ, ಮಧ್ಯೆ ಮೊಣಕಾಲೆತ್ತರದ ಗೋಡೆ. ಜಯಂತಿ ಆ ಉಡುಪಿನಲ್ಲಿ ಬಂದಾಗ ಗಂಡಸರ ಕಡೆಯಿಂದ ಸಿಳ್ಳೆ. ಅದು ಗೊತ್ತಿದ್ದದ್ದೇ. ನನಗೆ ಈಗಲೂ ನೆನಪಿರುವುದು ಆ ಕಡೆಯ ಸದ್ದು. ಹೆಂಗಸರ ಕಡೆ ಒಂದು ಕ್ಷಣ ಪೂರ್ತಿ ಮೌನ, ಆಮೇಲೆ ಒಬ್ಬರು ಕಿಸಕ್ಕನೆ ನಕ್ಕರು, ಆಮೇಲೆ ಎಲ್ಲರೂ. ಅದು ಬೈಗುಳದ ನಗು ಅಲ್ಲ. ಹಬ್ಬದ ದಿನ ಅಡುಗೆಮನೆಯಲ್ಲಿ ಕೇಳಿಸುತ್ತಲ್ಲ, ಆ ಥರದ ನಗು. ನಾನು ಚಿಕ್ಕವನು, ಅಮ್ಮನ ಜತೆ ಹೆಂಗಸರ ಕಡೆ ಕೂತಿದ್ದೆ, ಅದಕ್ಕೇ ಗೊತ್ತು.

ಬಳ್ಳಾರಿಬಿಸಿಲು:
ನಮ್ಮ ಬಳ್ಳಾರಿ ಮಗಳು ನೋಡಿ! ಹುಟ್ಟು ಹೆಸರು ಕಮಲಾಕುಮಾರಿ. 1945ರಲ್ಲಿ ಇಲ್ಲೇ ಹುಟ್ಟಿದ್ದು. 'ಜೇನುಗೂಡು' ಮೂಲಕ ನಿರ್ದೇಶಕ ವೈ.ಆರ್. ಸ್ವಾಮಿ ಜಯಂತಿಯನ್ನು ತೆರೆಗೆ ತಂದರು. ಅದಾಗಿ ಎರಡೇ ವರ್ಷಕ್ಕೆ ಈ ಪಾತ್ರ. ಹೊಸ ನಾಯಕಿ, ಇನ್ನೂ ಕಾಲೂರಿಲ್ಲ. ಒಂದು ಸಿನಿಮಾ ಬಿದ್ದರೆ ಎಲ್ಲಾ ಬಾಗಿಲು ಮುಚ್ಚುವ ಕಾಲದಲ್ಲಿ ಇಪ್ಪತ್ತರ ಹುಡುಗಿ ಹೂಂ ಅಂದಳು. ಗಂಡೆದೆ ಅಂದರೆ ಅದೇ ಅಲ್ವಾ?

ಪ್ರಶ್ನೆಚಿಹ್ನೆ:
ಬಳ್ಳಾರಿಬಿಸಿಲು ಸರ್, "ಗಂಡೆದೆ" ಅನ್ನೋ ಮಾತು ಈ ಥ್ರೆಡ್ಡಿನಲ್ಲೇ ಬೇಕಾ? :)

ನನಗೆ ಈ ಥರದ ಹೊಗಳಿಕೆ ಓದಿದಾಗಲೆಲ್ಲ ಒಂದು ಅನುಮಾನ. ಕಥೆ ಬರೆದವರು ಗಂಡಸರು, ನಿರ್ದೇಶಕರು ಗಂಡಸು, ಕ್ಯಾಮೆರಾ ಹಿಂದೆ ಗಂಡಸು, ಟಿಕೆಟ್ ತಗೊಂಡು ಸಿಳ್ಳೆ ಹೊಡೆದವರೂ ಗಂಡಸರೇ. ನಡುವೆ ಒಬ್ಬ ಹುಡುಗಿ ಕಡಿಮೆ ಬಟ್ಟೆಯಲ್ಲಿ ನಿಂತಿದ್ದಾಳೆ. ಇದರಲ್ಲಿ ಹೆಂಗಸರ ಬಗೆಗಿನ ಯಾವ ಧೋರಣೆಗೆ ಪೆಟ್ಟು ಬಿತ್ತು? ಪೋಸ್ಟರ್ ಮಾರಾಟ ಆಯಿತು, ಅಷ್ಟೇ. ಇವತ್ತಿಗೂ ಹೊಸ ನಾಯಕಿ ಪ್ರೆಸ್ ಮೀಟಿಗೆ ಬಂದರೆ ಮೊದಲ ಪ್ರಶ್ನೆ "ಗ್ಲಾಮರ್ ಪಾತ್ರಕ್ಕೆ ರೆಡಿನಾ?" ಅಂತ. ಹೀರೋಗೆ ಯಾರಾದರೂ ಕೇಳುತ್ತಾರಾ? ಶರ್ಟು ಬಿಚ್ಚುವುದಂತೂ ಅವರೇ ಜಾಸ್ತಿ.

ಮತ್ತೆ "ಮೊದಲು" ಅನ್ನುವುದೂ ಕನ್ನಡಕ್ಕೆ ಮಾತ್ರ. ಮರಾಠಿಯಲ್ಲಿ 1938ರಲ್ಲೇ 'ಬ್ರಹ್ಮಚಾರಿ' ಸಿನಿಮಾದಲ್ಲಿ ಮೀನಾಕ್ಷಿ ಶಿರೋಡ್ಕರ್ ಈಜುಡುಗೆ ತೊಟ್ಟಿದ್ದರು. ಮಹೇಶ್ ಬಾಬು ಹೆಂಡತಿ ನಮ್ರತಾ ಇದ್ದಾರಲ್ಲ, ಅವರ ಅಜ್ಜಿ.

ಟೆಂಟ್‌ಸಿನಿಮಾ:
ಮರಾಠಿಯ ವಿಷಯ ನಿಜ. ಶರ್ಮಿಳಾ ಠಾಗೋರ್ ಫಿಲ್ಮ್‌ಫೇರ್ ಮುಖಪುಟಕ್ಕೆ ಬಿಕಿನಿ ತೊಟ್ಟು ದೇಶವೇ ಮಾತಾಡಿಕೊಂಡದ್ದು 1966. ನಮ್ಮ ಜಯಂತಿ ಅದಕ್ಕಿಂತ ಒಂದು ವರ್ಷ ಮುಂಚೆ. ಸುಮ್ನೆ ಒಂದು ಅಡ್ಡಮಾತು: ಅದೇ ಶರ್ಮಿಳಾ, ಪಟೌಡಿ ಅವರ ತಾಯಿ ಬರುತ್ತಾರೆ ಅಂತ ಗೊತ್ತಾದಾಗ ತಮ್ಮ ಸಿನಿಮಾದ ಈಜುಡುಗೆಯ ಪೋಸ್ಟರನ್ನು ತೆಗೆಸಿದರಂತೆ, ಅವರೇ ಹೇಳಿಕೊಂಡ ಕಥೆ. ಮುಖಪುಟಕ್ಕೆ ಹೆದರದವರು ಅತ್ತೆಗೆ ಹೆದರಿದರು. 2004ರಲ್ಲಿ ಅವರೇ ಸೆನ್ಸಾರ್ ಮಂಡಳಿಯ ಅಧ್ಯಕ್ಷೆಯಾದರು ಅನ್ನುವುದನ್ನೂ ಸೇರಿಸಿಕೊಳ್ಳಿ.

ಆದರೆ ಪ್ರಶ್ನೆಚಿಹ್ನೆ ಅವರೇ, ಯಾವ ಧೋರಣೆ ಅಂತ ಕೇಳಿದಿರಲ್ಲ. ಆಗಿನ ಸಿನಿಮಾದಲ್ಲಿ ತುಂಡು ಬಟ್ಟೆ ಇರಲಿಲ್ಲ ಅಂತೇನಿಲ್ಲ. ಇತ್ತು. ಕ್ಲಬ್ ಡ್ಯಾನ್ಸಿನವಳಿಗೆ ಇತ್ತು, ಖಳನಾಯಕನ ಪಕ್ಕ ಗ್ಲಾಸು ಹಿಡಿದು ಕೂರುವವಳಿಗೆ ಇತ್ತು. ನಾಯಕಿಗೆ ಸೀರೆ, ಸೆರಗು, ತುಳಸಿಕಟ್ಟೆ. ಅಂದರೆ ಬಟ್ಟೆ ನೋಡಿದ ಕೂಡಲೇ ಪ್ರೇಕ್ಷಕನಿಗೆ ಇವಳು ಮನೆಯವಳೋ ಕ್ಲಬ್ಬಿನವಳೋ ಗೊತ್ತಾಗಬೇಕು. ಒಬ್ಬಳಿಗೆ ಕೈ ಮುಗಿಯಬೇಕು, ಇನ್ನೊಬ್ಬಳಿಗೆ ಸಿಳ್ಳೆ ಹೊಡೆಯಬೇಕು. 'ಮಿಸ್ ಲೀಲಾವತಿ' ಮಾಡಿದ ತಕರಾರು ಇದೇ. ಕಥೆಯ ನಾಯಕಿಯೇ, ಅಂದರೆ ನೀವು ಅಳಬೇಕಾದ, ಮರುಗಬೇಕಾದ ಹುಡುಗಿಯೇ, ಕ್ಲಬ್ಬಿನವಳ ಬಟ್ಟೆ ಹಾಕಿಕೊಂಡು ಬಂದುಬಿಟ್ಟಳು. ಸ್ಕರ್ಟು, ಟೀ ಶರ್ಟು, ನೈಟಿ, ಎಲ್ಲವೂ. ಮದುವೆಗೆ ಮುಂಚಿನ ಸಂಬಂಧದ ಮಾತೂ ಆ ಕಥೆಯಲ್ಲಿ ಬಂತು. ಈಗ ಸಿಳ್ಳೆ ಹೊಡೆಯಬೇಕೋ ಮರುಗಬೇಕೋ?

ಮಲೆನಾಡಮಳೆ:
ಟೆಂಟ್‌ಸಿನಿಮಾ ಸರ್ ಹೇಳಿದ್ದಕ್ಕೆ ನಾನೊಂದು ಸೇರಿಸುತ್ತೇನೆ. ಮುಂದಿನ ವರ್ಷ, 1966ರಲ್ಲಿ, ಜಯಂತಿ ಮಾಡಿದ್ದು ಯಾವ ಪಾತ್ರ ಹೇಳಿ? 'ಮಂತ್ರಾಲಯ ಮಹಾತ್ಮೆ'ಯಲ್ಲಿ ಸರಸ್ವತಿ. ರಾಯರ ಪೂರ್ವಾಶ್ರಮದ ಪತ್ನಿ! ರಾಜ್‌ಕುಮಾರ್ ರಾಘವೇಂದ್ರ ಸ್ವಾಮಿ. ನಮ್ಮ ಅಜ್ಜಿ ಆ ಸಿನಿಮಾಕ್ಕೆ ಚಪ್ಪಲಿ ಹೊರಗೆ ಬಿಟ್ಟು ಹೋಗಿದ್ದರಂತೆ. ಅದೇ ಅಜ್ಜಿ ಹಿಂದಿನ ವರ್ಷ "ಆ ಜಯಂತಿ ಅನ್ನೋಳಿಗೆ ಅಪ್ಪ ಅಮ್ಮ ಇಲ್ವೇನೋ" ಅಂದಿದ್ದರಂತೆ. ಮಂತ್ರಾಲಯ ನೋಡಿ ಬಂದು ಕಣ್ಣೊರೆಸಿಕೊಂಡು "ಪಾಪ, ಎಷ್ಟು ಚೆನ್ನಾಗಿ ಮಾಡಿದ್ದಾಳೆ" ಅಂದರಂತೆ. ಅಮ್ಮ ಈಗಲೂ ಇದನ್ನು ಹೇಳಿ ನಗುತ್ತಾರೆ.

ಎರಡೂ ಒಂದೇ ಮುಖ ಅಲ್ವಾ. ಈಜುಡುಗೆ ತೊಟ್ಟವಳನ್ನು ಕ್ಲಬ್ಬಿನವಳ ಸಾಲಿಗೆ ತಳ್ಳಿಬಿಟ್ಟಿದ್ದರೆ ರಾಯರ ಮನೆಗೆ ಹೊಸಿಲು ದಾಟಿ ಬರುತ್ತಿರಲಿಲ್ಲ. ಬಂದಳು, ಜನ ಒಪ್ಪಿದರು. ಆ ಒಪ್ಪಿಗೆಯೇ ನನಗೆ ಈಜುಡುಗೆಗಿಂತ ದೊಡ್ಡದಾಗಿ ಕಾಣುತ್ತದೆ.

ಪ್ರಶ್ನೆಚಿಹ್ನೆ:
ಅಥವಾ ಹೀಗೂ ಇರಬಹುದು: ಅವರನ್ನು ವಾಪಸ್ ಸೀರೆಗೆ ತಂದು ಕೂರಿಸಿದ ಮೇಲೆ ಜನಕ್ಕೆ ಸಮಾಧಾನ ಆಯಿತು.

ಬಿರುದು ನೋಡಿ. ಬಿ. ಸರೋಜಾದೇವಿ ಅವರ ತಾಯಿ ಮೊದಲೇ ಕಟ್ಟುನಿಟ್ಟು ಹಾಕಿದ್ದರು, ತೋಳಿಲ್ಲದ ರವಿಕೆ ಇಲ್ಲ, ಈಜುಡುಗೆ ಇಲ್ಲ. ಅವರು ಕೊನೆಯವರೆಗೂ ಅದನ್ನು ಪಾಲಿಸಿದರು. ಅವರಿಗೆ "ಅಭಿನಯ ಸರಸ್ವತಿ" ಅಂದೆವು. ಜಯಂತಿ ಅದೆಲ್ಲ ಹಾಕಿದರು. ಅವರಿಗೆ "ಅಭಿನಯ ಶಾರದೆ" ಅಂದೆವು. ಶಾರದೆ, ಸರಸ್ವತಿ ಇಬ್ಬರೂ ಒಬ್ಬಳೇ ತಾನೇ? ಹೇಗೆ ಬಂದರೂ ಕೊನೆಗೆ ಬಿಳಿ ಸೀರೆ ಉಡಿಸಿ ವೀಣೆ ಕೊಟ್ಟು ಕೂರಿಸಿಬಿಡುತ್ತೇವೆ. ಆ ಬಿರುದೂ ಒಂದು ಸೆರಗೇ.

ಸೆರಗು ಸಿಗದವರ ಗತಿಯನ್ನೂ ನೋಡಿ. ಸಿಲ್ಕ್ ಸ್ಮಿತಾ. ನಮ್ಮ 'ಹಳ್ಳಿ ಮೇಷ್ಟ್ರು' ಸಿನಿಮಾದಲ್ಲೂ ಇದ್ದರು. 1980ರ ಒಂದು ತಮಿಳು ಚಿತ್ರದ ಪಾತ್ರದಿಂದ ಬಂದ "ಸಿಲ್ಕ್" ಅನ್ನುವುದು ಅವರ ಹೆಸರಿಗೇ ಅಂಟಿಕೊಂಡಿತು. ಒಬ್ಬರಿಗೆ ದೇವಿಯ ಹೆಸರು, ಇನ್ನೊಬ್ಬರಿಗೆ ಬಟ್ಟೆಯ ಹೆಸರು. 1996ರಲ್ಲಿ ಅವರು ತೀರಿಕೊಂಡಾಗ ಇನ್ನೂ ಮೂವತ್ತಾರು ತುಂಬಿರಲಿಲ್ಲ. ಗ್ಲಾಮರ್ ಧೋರಣೆ ಬದಲಾಯಿಸುತ್ತದೆ ಅನ್ನುವವರು ಆ ಲೆಕ್ಕವನ್ನೂ ಹಾಕಬೇಕು.

ಸುಮ್ನೆಓದುಗ:
"ಆ ಬಿರುದೂ ಒಂದು ಸೆರಗೇ." ಮೇಡಂ, ಚಪ್ಪಾಳೆ.

ಬಳ್ಳಾರಿಬಿಸಿಲು:
ಚೆನ್ನಾಗಿ ಹೇಳಿದಿರಿ, ಆದರೆ ಜಯಂತಿ ವೀಣೆ ಹಿಡಿದು ಕೂತವರಲ್ಲ. 'ಎಡಕಲ್ಲು ಗುಡ್ಡದ ಮೇಲೆ' ಮರೆತಿರಾ?

ಇನ್ನೊಂದು, ಅವರ ಮದುವೆ, ಮನೆ ವಿಷಯ ಎಲ್ಲ ಯಾರಾದರೂ ಇಲ್ಲಿ ಎತ್ತುತ್ತಾರೆ ಅಂತ ಕಾಯುತ್ತಿದ್ದೇನೆ. ಯಾವಾಗಲೂ ಅಲ್ಲಿಗೇ ಬರುತ್ತೆ.

ನಿರ್ವಾಹಕ:
ಎರಡು ಕಮೆಂಟು ತೆಗೆದಿದ್ದೇನೆ. ಬಳ್ಳಾರಿಬಿಸಿಲು ಕಾಯುತ್ತಿದ್ದದ್ದು ಬಂದೇ ಬಂತು. ನಟಿಯರ ಮನೆ ವಿಚಾರ ಇಲ್ಲಿ ಬೇಡ. ನಟರ ಬಗ್ಗೆ ಮಾತಾಡುವಾಗ ಯಾರೂ ಅದನ್ನು ಕೆದಕುವುದಿಲ್ಲ ಅನ್ನುವುದನ್ನು ಗಮನಿಸಿ.

ಟೆಂಟ್‌ಸಿನಿಮಾ:
ಎಡಕಲ್ಲು ಮಾತು ಬಂದಿದ್ದು ಒಳ್ಳೆಯದಾಯಿತು. ನನ್ನ ಪ್ರಕಾರ ಜಯಂತಿ ನಿಜವಾಗಿ ಊರನ್ನು ಅಲ್ಲಾಡಿಸಿದ್ದು ಅಲ್ಲಿ. 1973. ಭಾರತೀಸುತರ ಕಾದಂಬರಿ, ಪುಟ್ಟಣ್ಣ ಕಣಗಾಲ್ ನಿರ್ದೇಶನ. ಮಾಧವಿಯ ಪಾತ್ರ. ಗಂಡ ಒಳ್ಳೆಯವನು, ಆದರೆ ದೇಹಸುಖ ಕೊಡಲಾರ. ಅವಳ ಮನಸ್ಸು ಚಿಕ್ಕ ವಯಸ್ಸಿನ ಹುಡುಗನ ಮೇಲೆ ಹೋಗುತ್ತದೆ. ಈಜುಡುಗೆಯ ಮಾತೇ ಇಲ್ಲ, ಸೀರೆಯಲ್ಲೇ ಇದ್ದಾರೆ. ಆದರೆ ಆ ಕಣ್ಣು, ಆ ಒರಟು ದನಿ. 'ವಿರಹಾ' ಹಾಡು ಬಂದಾಗ ನಮ್ಮ ಊರಿನ ಟೆಂಟಿನಲ್ಲಿ ಈ ಸಲ ಸಿಳ್ಳೆಯೇ ಇಲ್ಲ. ಗಂಡಸರು ತಲೆ ತಗ್ಗಿಸಿ ಬೀಡಿ ಹಚ್ಚಿದರು. ಹೆಂಗಸಿಗೂ ಬೇಕು ಅನ್ನಿಸುತ್ತದೆ ಅನ್ನುವುದನ್ನು ತೆರೆ ಮೇಲೆ ಎದುರಿಗೆ ಕೂತು ನೋಡುವುದು ಅವರಿಗೆ ಕಷ್ಟವಾಯಿತು. ಈಜುಡುಗೆಯನ್ನು ನೋಡಿ ಆನಂದಿಸಬಹುದು. ಮಾಧವಿಯನ್ನು ಹಾಗೆ ನೋಡಲು ಆಗುವುದಿಲ್ಲ, ಅವಳೇ ನಿಮ್ಮನ್ನು ನೋಡುತ್ತಿರುತ್ತಾಳೆ.

ಆ ಪಾತ್ರಕ್ಕೆ ರಾಜ್ಯದ ಶ್ರೇಷ್ಠ ನಟಿ ಪ್ರಶಸ್ತಿ ಬಂತು.

ಪ್ರಶ್ನೆಚಿಹ್ನೆ:
ಮತ್ತೆ ಮಾಧವಿ ಕೊನೆಗೆ ಏನಾಗುತ್ತಾಳೆ ಸರ್? ಸಾಯುತ್ತಾಳೆ. ಆಸೆ ಪಟ್ಟವಳು ಉಳಿಯುವ ಹಾಗಿಲ್ಲ.

ಅದೊಂದೇ ಅಲ್ಲ. 'ಸಂಪತ್ತಿಗೆ ಸವಾಲ್' (1974): ಮಂಜುಳಾ ಎಷ್ಟು ಜೋರು, ಕೊನೆಗೆ ಮೆತ್ತಗೆ. 'ಬಹದ್ದೂರ್ ಗಂಡು' (1976): ಇದೇ ಜಯಂತಿ ಹಠಮಾರಿ ರಾಜಕುಮಾರಿ, ಅವಳನ್ನು ಪಳಗಿಸುವುದೇ ಕಥೆ. ಹಾಡು ಹಾಡಿ ಬುದ್ಧಿ ಹೇಳುವುದು ಬೇರೆ. ಮೊದಲರ್ಧ ಹುಡುಗಿ ಜೋರಾಗಿರಬೇಕು, ಇಲ್ಲದಿದ್ದರೆ ಪಳಗಿಸುವುದರಲ್ಲಿ ಮಜಾ ಇಲ್ಲ. ಗ್ಲಾಮರ್ ಮೊದಲರ್ಧಕ್ಕೆ, ಪಶ್ಚಾತ್ತಾಪ ಎರಡನೇ ಅರ್ಧಕ್ಕೆ. ಇದು ನಮ್ಮ ಫಾರ್ಮುಲಾ.

ಮಲೆನಾಡಮಳೆ:
ಹೌದು, ಆದರೆ ಮನೆಗೆ ಬಂದ ಮೇಲೆ ನೆನಪಿರುವುದು ಯಾವ ಅರ್ಧ? ಸಂಪತ್ತಿಗೆ ಸವಾಲ್ ನೋಡಿದ ನಮ್ಮ ದೊಡ್ಡಮ್ಮನ ಮಕ್ಕಳು ವರ್ಷಗಟ್ಟಲೆ ಮಂಜುಳಾ ಥರ ಸೊಂಟಕ್ಕೆ ಕೈ ಇಟ್ಟು ದಬಾಯಿಸುತ್ತಿದ್ದರಂತೆ. ಮೆತ್ತಗಾದ ಮಂಜುಳಾ ಥರ ಯಾರೂ ಆಡಿ ತೋರಿಸಲಿಲ್ಲ.

ಹೊಲಿಗೆಯಂತ್ರ:
ಮಲೆನಾಡಮಳೆ ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ದಾವಣಗೆರೆ. ಅಮ್ಮ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದರು, ನಾನು ಗುಂಡಿ ಹಚ್ಚುತ್ತಾ ಬೆಳೆದವಳು. ಆ ಮೂಲೆಯಿಂದ ನೋಡಿದ್ದನ್ನು ಹೇಳುತ್ತೇನೆ.

ಹೆಂಗಸರು ಅಳತೆ ರವಿಕೆ ತರುತ್ತಿದ್ದರು. ಕೆಲವರು ಅದರ ಜತೆ ಪತ್ರಿಕೆಯ ಚೂರೂ ತರುತ್ತಿದ್ದರು. ಜಾಸ್ತಿ ಬರುತ್ತಿದ್ದದ್ದು ಕಲ್ಪನಾ ಚಿತ್ರ, ಆಮೇಲೆ ಆರತಿ. ಜಯಂತಿ ಚಿತ್ರ ತಂದವರು ಒಂದು ಥರ. ಚಿತ್ರ ತೋರಿಸುವ ಮುಂಚೆ ಹಿಂದೆ ತಿರುಗಿ ನೋಡುತ್ತಿದ್ದರು. "ಇದೇ ಥರ ಬೇಡ, ಆದರೆ ತೋಳು ಸ್ವಲ್ಪ ಮೇಲೆ" ಅನ್ನುತ್ತಿದ್ದರು. ಈಜುಡುಗೆಯ ಧೈರ್ಯ ದಾವಣಗೆರೆಗೆ ಬರುವ ಹೊತ್ತಿಗೆ ಎರಡು ಇಂಚು ತೋಳು ಆಗಿರುತ್ತಿತ್ತು. ಅಷ್ಟೇ. ಆದರೆ ಆ ಎರಡು ಇಂಚಿಗೆ ಮನೆಯಲ್ಲಿ ಎಷ್ಟು ಜಗಳ ಆಗಿರುತ್ತಿತ್ತು ಅಂತ ನಮಗೆ ಮಾತ್ರ ಗೊತ್ತು.

ಒಬ್ಬರು ಟೀಚರ್ ಇದ್ದರು. ತೋಳಿಲ್ಲದ ರವಿಕೆ ಬೇಕು ಅಂದರು. ಅಮ್ಮ ಹೊಲಿದುಕೊಟ್ಟರು, ಆದರೆ ಆ ಬಟ್ಟೆಯಲ್ಲೇ ತೋಳನ್ನೂ ಕತ್ತರಿಸಿ ಬೇರೆ ಪೊಟ್ಟಣ ಮಾಡಿ ರವಿಕೆಯೊಳಗೆ ಪಿನ್ನು ಹಾಕಿ ಇಟ್ಟರು. "ಅತ್ತೆ ಮನೆಗೆ ಹೋಗುವಾಗ ಬಾ, ಹಚ್ಚಿಕೊಡ್ತೀನಿ" ಅಂತ. ಮುಂದಿನ ಎರಡು ವರ್ಷ ಆ ತೋಳು ಎಷ್ಟು ಸಲ ಹಚ್ಚಿದರೋ ಎಷ್ಟು ಸಲ ಬಿಚ್ಚಿದರೋ. ಯುಗಾದಿಗೆ ಹಚ್ಚು, ಜೂನಿನಲ್ಲಿ ಶಾಲೆ ಶುರುವಾದ ಮೇಲೆ ಬಿಚ್ಚು. ಕಾಸೇ ತಗೊಳ್ಳುತ್ತಿರಲಿಲ್ಲ ಅಮ್ಮ. ಕೊನೆಗೊಂದು ಸಲ ಟೀಚರ್ ಬಂದು ಆ ಪೊಟ್ಟಣ ವಾಪಸ್ ಕೊಟ್ಟು, "ಇದರಲ್ಲಿ ನಿಮ್ಮ ಮಗಳಿಗೆ ಏನಾದರೂ ಹೊಲಿಯಿರಿ" ಅಂದರು. ನನಗೆ ಒಂದು ಚಿಕ್ಕ ಬಟ್ಟೆ ಚೀಲ ಆಯಿತು. ನೀಲಿ ಬಣ್ಣದ್ದು.

ಜಯಂತಿ ಧೋರಣೆ ಬದಲಾಯಿಸಿದರೋ ಇಲ್ಲವೋ ಅಂತ ನನಗೆ ವಾದ ಮಾಡಲು ಬರುವುದಿಲ್ಲ. ಆ ಟೀಚರ್ ತಂದ ಚಿತ್ರ ಅವರದೇ ಆಗಿತ್ತು.

ಸುಮ್ನೆಓದುಗ:
ಈ ಥ್ರೆಡ್ಡು ಇಲ್ಲಿಗೆ ಮುಗಿದರೂ ನನಗೆ ಬೇಜಾರಿಲ್ಲ.

ಪ್ರಶ್ನೆಚಿಹ್ನೆ:
ಹೊಲಿಗೆಯಂತ್ರ ಅವರೇ, ತುಂಬಾ ಇಷ್ಟವಾಯಿತು. ನನ್ನ ವಾದ ಪೂರ್ತಿ ಬಿಡುವುದಿಲ್ಲ, ಆದರೆ ಒಂದು ಒಪ್ಪುತ್ತೇನೆ. ಸಿನಿಮಾ ಮಾಡಿದವರ ಉದ್ದೇಶ ಬೇರೆ, ನೋಡಿದವರು ಅದರಲ್ಲಿ ಕತ್ತರಿಸಿಕೊಂಡಿದ್ದು ಬೇರೆ. ಕತ್ತರಿ ನಿಮ್ಮಮ್ಮನ ಕೈಯಲ್ಲಿತ್ತು.

ಕಾವೇರಿತೀರ:
ಇಷ್ಟೊಂದು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಮಧ್ಯೆ ನನಗೊಂದು ಯೋಚನೆ ಬಂತು, ಅದನ್ನು ಹೇಳಿಬಿಡುತ್ತೇನೆ.

ನಾನು ಬೆಳೆದದ್ದು ಕಾವೇರಿ ದಂಡೆಯಲ್ಲಿ. ಸಂಕ್ರಾಂತಿ, ತುಲಾ ಮಾಸ, ಅಮಾವಾಸ್ಯೆ, ಸ್ನಾನಘಟ್ಟದಲ್ಲಿ ಹೆಂಗಸರು ಸ್ನಾನ ಮಾಡುವುದನ್ನು ನೋಡಿದ್ದೀರಲ್ಲ. ಲಂಗ ಎದೆಗೆ ಕಟ್ಟಿಕೊಂಡಿರುತ್ತಾರೆ. ತೋಳು, ಭುಜ, ಬೆನ್ನು, ಮೊಣಕಾಲು ಎಲ್ಲಾ ಬರಿದು. ಬಟ್ಟೆ ಒದ್ದೆಯಾಗಿ ಮೈಗೆ ಅಂಟಿರುತ್ತದೆ. ಪಕ್ಕದಲ್ಲೇ ಪುರೋಹಿತರು ಸಂಕಲ್ಪ ಹೇಳುತ್ತಿರುತ್ತಾರೆ, ಗಂಡಸರು ಓಡಾಡುತ್ತಿರುತ್ತಾರೆ. ನಮ್ಮ ತಾತನೇ ಮನೆಯ ಹೆಂಗಸರನ್ನೆಲ್ಲ ಕರೆದುಕೊಂಡು ಹೋಗಿ ಮೂರು ಮುಳುಗು ಹಾಕಿಸಿಕೊಂಡು ಬರುತ್ತಿದ್ದರು. ಯಾರೂ ಸಂಸ್ಕೃತಿ ಹಾಳಾಯಿತು ಅನ್ನಲಿಲ್ಲ.

ಜಯಂತಿಯ ಈಜುಡುಗೆಯಲ್ಲಿ ಕಂಡಿದ್ದೂ ಅಷ್ಟೇ ಮೈ. ಹಾಗಾದರೆ ತೊಂದರೆ ಯಾವುದು? ಮೈ ಕಂಡದ್ದಲ್ಲ ಅಂತ ನನಗೆ ಅನ್ನಿಸುತ್ತದೆ. ಘಟ್ಟದಲ್ಲಿ ಹೆಂಗಸು ನೀರಿಗಿಳಿಯುವುದು ಪುಣ್ಯಕ್ಕೆ, ಗಂಡನ ಆಯುಸ್ಸಿಗೆ, ಮಕ್ಕಳಿಗೆ. ಜಯಂತಿ ಇಳಿದದ್ದು ಮಜಾಕ್ಕೆ. ನೀರು ಚೆನ್ನಾಗಿದೆ ಅಂತ. ಅದನ್ನು ನಮ್ಮ ತಾತನಂಥವರಿಗೆ ಸಹಿಸಲು ಆಗಲಿಲ್ಲ.

ಬಳ್ಳಾರಿಬಿಸಿಲು:
ಅಕ್ಕ, ಇದು ಮಾತು!

ಪ್ರಶ್ನೆಚಿಹ್ನೆ:
ಮೇಡಂ, ಒಂದೇ ಒಂದು ತಗಾದೆ. ಸ್ನಾನಘಟ್ಟದಲ್ಲಿ ಟಿಕೆಟ್ ಇಲ್ಲ, ಕ್ಯಾಮೆರಾ ಹತ್ತಿರ ಬಂದು ಕಾಲಿನಿಂದ ಮೇಲಕ್ಕೆ ಹೋಗುವುದಿಲ್ಲ. ಅದೇ ಮೈ ಆದರೂ ನೋಟ ಬೇರೆ. ಮಜಾ ಯಾರದು ಅನ್ನುವ ಪ್ರಶ್ನೆ ಉಳಿಯುತ್ತದೆ: ನೀರಿಗಿಳಿದವಳದೋ, ಕುರ್ಚಿಯಲ್ಲಿ ಕೂತವನದೋ?

ಟೆಂಟ್‌ಸಿನಿಮಾ:
ಇಬ್ಬರದೂ ಇರಬಹುದಲ್ಲವೇ? ನಾನು ಕೂತಿದ್ದ ಕಡೆ ಕುರ್ಚಿಯೂ ಇರಲಿಲ್ಲ, ಗಂಡಸರೂ ಇರಲಿಲ್ಲ. ನೆಲದ ಮೇಲೆ ಹೆಂಗಸರು ನಗುತ್ತಿದ್ದರು. ಆ ನಗುವನ್ನು ಯಾವ ಲೆಕ್ಕಕ್ಕೆ ಹಾಕುತ್ತೀರಿ?

ಪ್ರಶ್ನೆಚಿಹ್ನೆ:
ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಸರ್. ನಿಜವಾಗಲೂ ಇಲ್ಲ.

ಮಲೆನಾಡಮಳೆ:
ನಾನು ಚಿಕ್ಕವಳಾಗಿದ್ದಾಗ ಜಯಂತಿ ಅಂದರೆ ಅಮ್ಮನ ಪಾತ್ರ. 1986ರ 'ಆನಂದ್'ನಲ್ಲಿ ಶಿವಣ್ಣನ ತಾಯಿ. ಅದಕ್ಕೂ ರಾಜ್ಯಪ್ರಶಸ್ತಿ ಬಂದಿತ್ತು, ಪೋಷಕ ನಟಿ ಅಂತ. ಈಜುಡುಗೆ ವಿಷಯ ಮೊದಲ ಸಲ ಕೇಳಿದಾಗ ನಾನು ನಂಬಲೇ ಇಲ್ಲ, "ಹೋಗಮ್ಮ, ಅವರು ತಾಯಿ" ಅಂದೆ. ಅಮ್ಮ, "ತಾಯಂದಿರು ಹುಟ್ಟುವಾಗಲೇ ತಾಯಂದಿರಾ?" ಅಂತ ಕೇಳಿದರು.

ಅಂದಹಾಗೆ ಕಾವೇರಿತೀರ ಮೇಡಂ, ಚಿಕ್ಕಮ್ಮನನ್ನು ಕೇಳಿದಿರಾ? ಅವರು ಇದ್ದಾರಾ?

ಕಾವೇರಿತೀರ:
ಇದ್ದಾರೆ, ಮೈಸೂರಿನಲ್ಲಿ. ಎಪ್ಪತ್ತಾರು. ಚಿತ್ರ ಸಿಕ್ಕ ದಿನ ಕೇಳಲು ನಾಚಿಕೆಯಾಯಿತು, ನನಗೇ. ನಿನ್ನೆ ಹೋಗಿ ಕೊಟ್ಟೆ. ಹೇಳಿಬಿಡುತ್ತೇನೆ.

ಕನ್ನಡಕ ಹಾಕಿಕೊಂಡು ನೋಡಿದರು. ಮಡಿಕೆ ಬಿಚ್ಚಿದರು, ಮತ್ತೆ ಅದೇ ಜಾಗದಲ್ಲಿ ಮಡಿಚಿದರು, ಕೈಗೆ ಇನ್ನೂ ಅಭ್ಯಾಸ ಇದೆ. "ಇದು ಎಲ್ಲಿ ಸಿಕ್ಕಿತೇ?" ಅಂದರು. ಟ್ರಂಕು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

ಆಮೇಲೆ ಹೇಳಿದ್ದು ಇಷ್ಟು. ಅವರ ಮೂವರು ಅಣ್ಣಂದಿರೂ ಹೊಳೆಯಲ್ಲಿ ಈಜುತ್ತಿದ್ದರು. ನಡುನೀರಿನ ಬಂಡೆಯ ತನಕ ಹೋಗಿ ಅಲ್ಲಿ ಕೂತು ಕೂಗು ಹಾಕುತ್ತಿದ್ದರು. ಹೆಣ್ಣುಮಕ್ಕಳಿಗೆ ಮೂರು ಮುಳುಗು, ಮೂಗು ಹಿಡಿದುಕೊಂಡು, ಮೆಟ್ಟಿಲು ಬಿಡುವ ಹಾಗಿಲ್ಲ. ಇವರು ಒಂದು ಸಲ ಮೆಟ್ಟಿಲು ಬಿಟ್ಟು ಎರಡು ಕೈ ಬೀಸಿದ್ದಕ್ಕೆ ತಾತ ಮನೆಯ ತನಕ ಕಿವಿ ಹಿಡಿದುಕೊಂಡೇ ಕರೆದುಕೊಂಡು ಬಂದರಂತೆ, ಒದ್ದೆ ಲಂಗದಲ್ಲೇ, ಬೀದಿಯಲ್ಲೆಲ್ಲ ನೀರು ತೊಟ್ಟಿಕ್ಕಿಸಿಕೊಂಡು. "ಮೈ ಕಾಣುತ್ತೆ ಅಂತ ಈಜಬೇಡ ಅಂದವರು, ಅದೇ ಮೈಯಲ್ಲಿ ಬೀದಿ ತುಂಬ ಎಳಕೊಂಡು ಬಂದರಲ್ಲೇ" ಅಂತ ನಕ್ಕರು. ಅದಾದ ಕೆಲವು ತಿಂಗಳಿಗೆ ಈ ಚಿತ್ರ ಕಂಡಿದ್ದು, ಪಕ್ಕದ ಮನೆಗೆ ಬರುತ್ತಿದ್ದ ಪತ್ರಿಕೆಯಲ್ಲಿ. ಹುಣಿಸೆಹಣ್ಣು ಕುಟ್ಟಿಕೊಟ್ಟು ಅದಕ್ಕೆ ಬದಲಾಗಿ ಆ ಹಾಳೆ ಈಸಿಕೊಂಡರಂತೆ.

ಉಡುಪು ಇಷ್ಟವಾಗಿತ್ತಾ ಅಂತ ಕೇಳಿದೆ. "ಅಯ್ಯೋ, ಉಡುಪು ಯಾರು ನೋಡಿದರು. ಅವಳಿಗೆ ಈಜು ಬರುತ್ತೆ ಅಂದುಕೊಂಡಿದ್ದೆ" ಅಂದರು.

ಹೊಲಿಗೆಯಂತ್ರ:
ಅಮ್ಮನಿಗೆ ಓದಿ ಹೇಳಿದೆ. ಕಣ್ಣೊರೆಸಿಕೊಂಡರು. ಆಮೇಲೆ "ಆ ಕಾಲದಲ್ಲಿ ಈಜುಡುಗೆಗೆ ಯಾವ ಬಟ್ಟೆ ಹಾಕುತ್ತಿದ್ದರೋ, ಹತ್ತಿಯಾದರೆ ನೀರು ಕುಡಿದು ಜೋತುಬಿಡುತ್ತೆ" ಅಂತ ಅರ್ಧ ಗಂಟೆ ಯೋಚನೆ ಮಾಡಿದರು.

ಕಾವೇರಿತೀರ:
ಹ್ಹಹ್ಹ. ಇನ್ನೊಂದು ಹೇಳುವುದು ಮರೆತಿದ್ದೆ. ನನ್ನ ಮೊಮ್ಮಗಳು ಈಜು ಕಲಿಯುತ್ತಿದ್ದಾಳೆ, ಶನಿವಾರ ಚಿಕ್ಕಮ್ಮನೂ ಬರುತ್ತೇನೆ ಅಂದರು. ಕೊಳದ ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದೆ. ಹತ್ತು ನಿಮಿಷದ ಮೇಲೆ ನೋಡಿದರೆ ಕುರ್ಚಿ ಖಾಲಿ. ಸೀರೆ ಹರಡಿನ ಮೇಲಕ್ಕೆ ಎತ್ತಿ ಸಿಕ್ಕಿಸಿಕೊಂಡು, ಕಾಲು ನೀರಿನಲ್ಲಿ ಇಳಿಬಿಟ್ಟು, ಅಂಚಿನಲ್ಲೇ ಕೂತಿದ್ದಾರೆ. ಕೋಚ್ ಹುಡುಗ "ಅಜ್ಜಿ, ಜಾರುತ್ತೆ" ಅಂ‌ದ. ಇವರು ಅವನ ಕಡೆ ನೋಡಲೂ ಇಲ್ಲ. ಮಗುವಿಗೆ "ಮೂಗು ಬಿಡೇ, ಮೂಗು ಹಿಡ್ಕೋಬೇಡ! ಕಾಲು ಬಡಿ!" ಅಂತ ಕೂಗುತ್ತಿದ್ದರು.

ಸುಮ್ನೆಓದುಗ:
ಮೇಡಂ, ಮುಂದಿನ ಶನಿವಾರದ ವರದಿಯೂ ಬೇಕು.

ಟೆಂಟ್‌ಸಿನಿಮಾ ಸರ್, ಈ ವಾರ ಮನೆಯಲ್ಲಿ ಅಮ್ಮನಿಗೆ ಜಯಂತಿ ಸಿನಿಮಾ ತೋರಿಸೋಣ ಅಂತಿದ್ದೇನೆ. ಎಡಕಲ್ಲು ಮೊದಲೋ ಮಂತ್ರಾಲಯ ಮೊದಲೋ?

ಟೆಂಟ್‌ಸಿನಿಮಾ:
ಗುರುವಾರ ಆದರೆ ಮಂತ್ರಾಲಯ. ಎಡಕಲ್ಲು ಅಮ್ಮ ಒಬ್ಬರೇ ಇರುವಾಗ ಹಾಕಿಕೊಟ್ಟು ನೀವು ಹೊರಗೆ ಹೋಗಿ.